ಮನಸ್ಸು ಹದಕ್ಕೆ ಬರಲು: ಬೆಂಗಳೂರಿನಲ್ಲಿ ಥೆರಪಿ ಶುರು ಮಾಡುವವರಿಗೆ

ಬೆಂಗಳೂರಿನಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಅನ್ನುವ ತಮಾಷೆ ಇನ್ನೂ ಸತ್ತಿಲ್ಲ. ಆದರೆ ಅದೇ ತಮಾಷೆ ಮಾಡುವವರಲ್ಲಿ ಕೆಲವರ ಮೊಬೈಲಿನಲ್ಲಿ ಈಗ ಥೆರಪಿಸ್ಟ್ ಒಬ್ಬರ ನಂಬರ್ ಬೇರೆ ಯಾವುದೋ ಹೆಸರಿನಲ್ಲಿ ಸೇವ್ ಆಗಿರುತ್ತದೆ. ಹೋಗುವವರು ಹೆಚ್ಚಾಗಿದ್ದಾರೆ. ಹೇಗೆ ಹೋಗಬೇಕು, ಯಾರ ಹತ್ತಿರ ಹೋಗಬೇಕು, ಹೋಗಿ ಏನು ಕೇಳಬೇಕು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಬರಹ ಅದಕ್ಕಾಗಿ.

ಶುರುವಿಗೇ ಒಂದು ಮಾತು. ‘ನಾನು ಖುಷಿಯಾಗಿರಬೇಕು’ ಎಂಬ ಗುರಿ ಇಟ್ಟುಕೊಂಡು ಥೆರಪಿಗೆ ಹೋಗುವವರು ಬೇಗ ಬೇಸತ್ತು ಬಿಟ್ಟುಬಿಡುತ್ತಾರೆ. ಸಂಬಳ ಹೆಚ್ಚಾದ ಖುಷಿ, ಹೊಸ ಫ್ಲ್ಯಾಟಿನ ಗೃಹಪ್ರವೇಶದ ಖುಷಿ ಕೆಲವು ತಿಂಗಳಲ್ಲಿ ಮಾಮೂಲಾಗುತ್ತದೆ. ಮನುಷ್ಯರ ಮನಸ್ಸು ಇರುವುದೇ ಹಾಗೆ. ಅದರ ಬದಲು ಇನ್ನೊಂದನ್ನು ಅಳೆಯಿರಿ: ಸಿಟ್ಟು, ದುಃಖ, ಭಯ ಬಂದ ಮೇಲೆ ಮಾಮೂಲಿ ಸ್ಥಿತಿಗೆ ವಾಪಸ್ ಬರಲು ನಿಮಗೆ ಎಷ್ಟು ಹೊತ್ತು ಬೇಕಾಗುತ್ತಿದೆ? ಬೆಳಿಗ್ಗೆ ಹೆಂಡತಿಯ ಜೊತೆ ಆದ ಜಗಳ ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದಿರುತ್ತದೆಯೋ, ಮೂರು ದಿನ ಹೊಟ್ಟೆಯಲ್ಲೇ ಕುದಿಯುತ್ತದೆಯೋ? ಥೆರಪಿ ಈ ವಾಪಸ್ ಬರುವ ದಾರಿಯನ್ನು ಚಿಕ್ಕದು ಮಾಡುತ್ತದೆ. ದುಃಖವೇ ಬರದ ಹಾಗೆ ಮಾಡುತ್ತೇನೆ ಅನ್ನುವವರು ಸಿಕ್ಕರೆ ದುಡ್ಡು ಕೊಡಬೇಡಿ.

ಮೊದಲು ಮೈ ಏನು ಹೇಳುತ್ತಿದೆ ಕೇಳಿ

ನಮ್ಮಲ್ಲಿ ಮನಸ್ಸಿನ ತೊಂದರೆ ನೇರವಾಗಿ ಬಾಯಿಗೆ ಬರುವುದು ಕಡಿಮೆ. ‘ನಂಗೆ ತುಂಬಾ ದುಃಖ ಆಗ್ತಿದೆ’ ಅಂತ ಡಾಕ್ಟರ ಮುಂದೆ ಹೇಳುವವರಿಗಿಂತ ‘ಗ್ಯಾಸ್ ಟ್ರಬಲ್ಲು, ಸುಸ್ತು, ತಲೆ ಭಾರ, ಕೈಕಾಲು ಸೆಳೆತ, ಎದೆ ಡವಡವ’ ಅನ್ನುವವರೇ ಹೆಚ್ಚು. ಅದು ನಾಟಕವೇನಲ್ಲ, ನೋವು ನಿಜವಾಗಿಯೂ ಇರುತ್ತದೆ. ಹಾಗಾಗಿ ಮೊದಲ ಹೆಜ್ಜೆ ನಿಮ್ಮ ಬಡಾವಣೆಯ ಮಾಮೂಲಿ ಡಾಕ್ಟರ ಹತ್ತಿರವೇ ಇರಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ವಿಟಮಿನ್ ಬಿ12 ಇಷ್ಟನ್ನು ನೋಡಿಸಿ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯ ಹಾಗೇ ಕಾಣುತ್ತದೆ: ಮಂಕು, ಮರೆವು, ತೂಕ ಏರುವುದು, ಏನೂ ಬೇಡ ಅನ್ನಿಸುವುದು. ಬಿ12 ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಸಿಗುವಂಥದ್ದು. ಶುದ್ಧ ಸಸ್ಯಾಹಾರಿಗಳ ಮನೆಗಳಲ್ಲಿ ಕೊರತೆ ಅಪರೂಪವೇನಲ್ಲ. ಇದನ್ನೆಲ್ಲ ನೋಡದೆ ಆರು ತಿಂಗಳು ಕೌನ್ಸೆಲಿಂಗ್‌ಗೆ ಓಡಾಡಿ, ಕೊನೆಗೆ ಥೈರಾಯ್ಡ್ ಮಾತ್ರೆಯಲ್ಲಿ ಸರಿಹೋದರೆ ಹೊಟ್ಟೆ ಉರಿಯುತ್ತದೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ರಾತ್ರಿ ಎದೆ ಬಿಗಿದು, ಬೆವೆತು, ‘ಹಾರ್ಟ್ ಅಟ್ಯಾಕ್ ಆಯ್ತು’ ಅಂತ ಜಯದೇವ ಆಸ್ಪತ್ರೆಗೆ ಓಡಿ, ಇಸಿಜಿ ನಾರ್ಮಲ್ ಅನ್ನಿಸಿಕೊಂಡು ಮರಳುವವರಿದ್ದಾರೆ. ಮೊದಲ ಸಲ ಎದೆನೋವು ಬಂದಾಗ ಹಾಗೆ ಓಡುವುದೇ ಸರಿ, ಅದರಲ್ಲಿ ನಾಚಿಕೆ ಬೇಡ. ಹೃದಯ ಸರಿಯಿದೆ ಎಂದು ಖಚಿತವಾದ ಮೇಲೂ ಅದೇ ಪದೇ ಪದೇ ಆಗುತ್ತಿದ್ದರೆ ಅದು ಪ್ಯಾನಿಕ್ ಇರಬಹುದು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಥೆರಪಿ ಚೆನ್ನಾಗಿ ಹಿಡಿಯುವ ತೊಂದರೆಗಳಲ್ಲಿ ಅದೂ ಒಂದು.

ಒಂದು ನೋಟ್‌ಬುಕ್, ನಾಲ್ಕು ಕಾಲಂ

ಯಾರನ್ನೂ ಭೇಟಿಯಾಗುವ ಮೊದಲೇ, ಇವತ್ತು ರಾತ್ರಿಯಿಂದಲೇ ಶುರು ಮಾಡಬಹುದಾದ ಕೆಲಸವಿದು. ಮುಂದೆ ಥೆರಪಿಸ್ಟ್ ಬಳಿ ಹೋದಾಗ ಅವರ ಎರಡು ಮೂರು ಸೆಷನ್ನಿನ ಕೆಲಸವನ್ನು ಇದು ಉಳಿಸುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಇನ್ನೂರು ಪುಟದ ನೋಟ್‌ಬುಕ್ ಸಾಕು. ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನಾಯಿತು, ಮನಸ್ಸು ಏನಂದಿತು, ಮೈಗೆ ಏನಾಯಿತು, ನಾನು ಏನು ಮಾಡಿದೆ.

ಉದಾಹರಣೆಗೆ ಮಾರತ್‌ಹಳ್ಳಿ ಕಡೆ ಕೆಲಸ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಶುಕ್ರವಾರ ಸಂಜೆ ಆರಕ್ಕೆ ಮ್ಯಾನೇಜರ್ ಮೆಸೇಜು: ‘ಸೋಮವಾರ ಬೆಳಿಗ್ಗೆ ಸ್ವಲ್ಪ ಮಾತಾಡೋಣ.’ ಅಷ್ಟೇ. ಮೊದಲ ಕಾಲಮ್ಮಿನಲ್ಲಿ ಬರೆಯಬೇಕಾದದ್ದು ಇಷ್ಟು ಮಾತ್ರ, ಕ್ಯಾಮೆರಾ ಇಟ್ಟಿದ್ದರೆ ಅದರಲ್ಲಿ ಬೀಳುತ್ತಿದ್ದಷ್ಟು. ‘ಮ್ಯಾನೇಜರ್ ಬೆದರಿಸಿದ’ ಅಂತ ಬರೆದರೆ ಎರಡನೇ ಕಾಲಮ್ಮಿನ ಸರಕು ಮೊದಲನೆಯದಕ್ಕೆ ನುಗ್ಗಿತು ಅಂತ ಅರ್ಥ. ಎರಡನೆಯದರಲ್ಲಿ: ‘ಕೆಲಸದಿಂದ ತೆಗೀತಾರೆ. ಇಎಂಐ ಕಟ್ಟೋಕಾಗಲ್ಲ. ಅಪ್ಪನಿಗೆ ಏನು ಹೇಳಲಿ.’ ಮೂರನೆಯದು: ಹೊಟ್ಟೆ ತೊಳಸಿತು, ಭುಜ ಬಿಗಿಯಿತು. ನಾಲ್ಕನೆಯದು: ಮಗನಿಗೆ ಸುಮ್ಮನೆ ಬೈದೆ, ಮೂರು ಗಂಟೆ ಮೊಬೈಲಿನಲ್ಲಿ ಲೇಆಫ್ ಸುದ್ದಿ ಓದಿದೆ, ಎರಡು ಪೆಗ್ ಹಾಕಿದೆ, ಶನಿವಾರವೆಲ್ಲ ಮಲಗಿದ್ದೆ.

ಎರಡು ವಾರ ಬರೆಯಿರಿ. ದಿನವೂ ಬೇಡ, ಮನಸ್ಸು ಜೋರಾಗಿ ಅಲ್ಲಾಡಿದಾಗ ಮಾತ್ರ. ಆಮೇಲೆ ಕೂತು ಎರಡನೇ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ. ಬೇರೆ ಬೇರೆ ಘಟನೆಗಳಿಗೂ ಮನಸ್ಸು ಒಂದೆರಡೇ ಹಳೇ ಡೈಲಾಗ್ ಹೊಡೆಯುತ್ತಿರುವುದು ಕಾಣುತ್ತದೆ. ಕೆಲವರಿಗೆ ‘ನನ್ನಿಂದ ಆಗಲ್ಲ’, ಕೆಲವರಿಗೆ ‘ಎಲ್ಲರೂ ನನ್ನನ್ನ ಬಳಸಿಕೊಳ್ತಾರೆ’, ಇನ್ನು ಕೆಲವರಿಗೆ ‘ಜನ ಏನಂತಾರೆ’. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಗಮನಿಸಿದ್ದೂ ಇದನ್ನೇ. ಘಟನೆಗೂ ಭಾವನೆಗೂ ನಡುವೆ ಕ್ಷಣದಲ್ಲಿ ಹಾದುಹೋಗುವ ಒಂದು ಯೋಚನೆ ಇರುತ್ತದೆ, ಅದನ್ನು ಹಿಡಿದು ಪರೀಕ್ಷಿಸಬಹುದು ಎಂದರು. ಇಂದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂದು ಕರೆಯುವ ಚಿಕಿತ್ಸೆ ಬೆಳೆದದ್ದು ಅಲ್ಲಿಂದ.

ಪರೀಕ್ಷಿಸುವುದು ಹೇಗೆ? ಆ ಡೈಲಾಗ್‌ಗೆ ಮೂರು ಪ್ರಶ್ನೆ ಹಾಕಿ. ಇದಕ್ಕೆ ಸಾಕ್ಷಿ ಏನಿದೆ, ವಿರುದ್ಧ ಸಾಕ್ಷಿ ಏನಿದೆ? ಹೋದ ಸಲ ಹೀಗೇ ಅನ್ನಿಸಿದಾಗ ನಿಜಕ್ಕೂ ಏನಾಗಿತ್ತು? ಇದೇ ಪರಿಸ್ಥಿತಿ ನಿಮ್ಮ ತಂಗಿಗೋ ತಮ್ಮನಿಗೋ ಬಂದಿದ್ದರೆ ನೀವು ಏನು ಹೇಳುತ್ತಿದ್ದಿರಿ? ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಚೂಪು. ತಮ್ಮನಿಗೆ ‘ನೀನು ಕೆಲಸಕ್ಕೆ ಬಾರದವನು’ ಅನ್ನುವವರು ಕಡಿಮೆ, ತಮಗೆ ತಾವೇ ದಿನಕ್ಕೆ ಹತ್ತು ಸಲ ಅಂದುಕೊಳ್ಳುವವರು ಬೇಕಾದಷ್ಟು.

ಇದನ್ನು ‘ಪಾಸಿಟಿವ್ ಥಿಂಕಿಂಗ್’ ಜೊತೆ ಬೆರೆಸಬೇಡಿ. ಸಾಕ್ಷಿ ಹುಡುಕಿದಾಗ ಕೆಲಸ ಹೋಗುವ ಸಾಧ್ಯತೆ ನಿಜವಾಗಿಯೂ ಇದೆ ಅನ್ನಿಸಬಹುದು. ಆಗ ‘ಎಲ್ಲಾ ಒಳ್ಳೇದಾಗುತ್ತೆ’ ಅಂದುಕೊಂಡು ಕೂರುವುದು ಮೂರ್ಖತನ. ರೆಸ್ಯೂಮ್ ತೆಗೆದು ಕೂರಿ, ಎಷ್ಟು ತಿಂಗಳಿನ ಖರ್ಚಿಗೆ ದುಡ್ಡಿದೆ ಲೆಕ್ಕ ಹಾಕಿ. ಭಯ ತೋರಿಸಿದ ಕೆಲಸವನ್ನು ಮಾಡಿದರೆ ಭಯ ಸ್ವಲ್ಪ ಇಳಿಯುತ್ತದೆ.

ಮೂಡ್ ಬರಲಿ ಅಂತ ಕಾಯಬೇಡಿ

ಮನಸ್ಸು ಕುಗ್ಗಿದಾಗ ಎಲ್ಲರೂ ಮಾಡುವುದು ಒಂದೇ: ‘ಸ್ವಲ್ಪ ಸರಿಹೋಗಲಿ, ಆಮೇಲೆ ವಾಕಿಂಗ್ ಹೋಗ್ತೀನಿ.’ ಆ ‘ಆಮೇಲೆ’ ಬರುವುದಿಲ್ಲ. ಮಲಗಿದಷ್ಟೂ ಸುಸ್ತು, ಸುಸ್ತಾದಷ್ಟೂ ಮಲಗುವುದು. ಖಿನ್ನತೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ ಒಂದು ವಿಧಾನ ಇದನ್ನು ತಲೆಕೆಳಗು ಮಾಡುತ್ತದೆ: ಮೊದಲು ಕೆಲಸ, ಮೂಡ್ ಹಿಂದಿನಿಂದ ಬರಲಿ.

ಕೆಲಸ ನಾಚಿಕೆಯಾಗುವಷ್ಟು ಚಿಕ್ಕದಿರಬೇಕು. ‘ನಾಳೆಯಿಂದ ದಿನಾ ಕಬ್ಬನ್ ಪಾರ್ಕ್ ಪೂರ್ತಿ ಸುತ್ತು’ ಬೇಡ. ‘ಏಳೂವರೆಗೆ ಚಪ್ಪಲಿ ಹಾಕಿಕೊಂಡು ಹಾಲಿನ ಬೂತ್ ತನಕ ನಡೆದು ಬರುತ್ತೇನೆ’ ಸಾಕು. ವಾರಕ್ಕೆ ಎರಡು ಬಗೆಯ ಕೆಲಸ ಬೆರೆಸಿ: ಮುಗಿಸಿದೆ ಅನ್ನಿಸುವಂಥದ್ದು (ಬಾಕಿ ಬಿದ್ದ ಕರೆಂಟ್ ಬಿಲ್, ಮಡಿಸದ ಬಟ್ಟೆ) ಮತ್ತು ಯಾವತ್ತೋ ಇಷ್ಟವಾಗಿದ್ದದ್ದು (ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವುದು, ಹಳೇ ಗೆಳತಿಗೆ ಫೋನು, ಲಾಲ್‌ಬಾಗಿನ ಬಂಡೆ ಹತ್ತುವುದು). ಮಾಡುವಾಗ ಖುಷಿ ಸಿಗದಿದ್ದರೂ ಪರವಾಗಿಲ್ಲ, ಮಾಡಿದ ಮೇಲೆ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಎಷ್ಟು ಅಂತ ಒಂದು ಅಂಕ ಹಾಕಿ. ಎರಡರಿಂದ ಮೂರಕ್ಕೆ ಏರಿದರೆ ಅದೂ ಸುದ್ದಿಯೇ.

ನಿದ್ದೆ, ಕಾಫಿ, ಎಣ್ಣೆ

ಇದನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಚುಟುಕಾಗಿ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿ, ಭಾನುವಾರವೂ ಅದೇ. ಫಿಲ್ಟರ್ ಕಾಫಿ ಮಧ್ಯಾಹ್ನದ ನಂತರ ಬೇಡ. ಎಣ್ಣೆ ಹಾಕಿದರೆ ನಿದ್ದೆ ಬೇಗ ಬರುತ್ತದೆ ನಿಜ, ನಡುರಾತ್ರಿ ಮೂರಕ್ಕೆ ಎಬ್ಬಿಸುವುದೂ ಅದೇ. ಮರುದಿನದ ಆತಂಕವನ್ನು ಹೆಚ್ಚಿಸುವುದೂ ಅದೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ರಕ್ತ ಕುದಿಯುತ್ತಿರುವಾಗ ಮಾಡಲು ಒಂದೇ ಒಂದು ಕೆಲಸ: ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ನಾಲ್ಕು ಎಣಿಸಿ ಎಳೆದು, ಆರು ಎಣಿಸಿ ಬಿಡಿ. ಐದು ನಿಮಿಷ ಸಾಕು, ಸಿಗ್ನಲ್ ಅಷ್ಟು ಹೊತ್ತು ಕೊಟ್ಟೇ ಕೊಡುತ್ತದೆ.

ಹೊರಗಿನ ಸಹಾಯ ಯಾವಾಗ

ಎರಡು ವಾರ ಒಂದು ಒಳ್ಳೆಯ ಗೆರೆ. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಏರುಪೇರಾಗಿದ್ದರೆ, ಕೆಲಸಕ್ಕೋ ಕಾಲೇಜಿಗೋ ಹೋಗಲಾಗದಿದ್ದರೆ ‘ತಾನಾಗೇ ಸರಿಹೋಗುತ್ತೆ’ ಅಂತ ಇನ್ನೂ ಕಾಯಬೇಡಿ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಮುಖವನ್ನೇ ನೋಡಿರಲಿಲ್ಲ.

ಕೆಲವು ಸಂಗತಿಗೆ ಎರಡು ವಾರವೂ ಕಾಯಬಾರದು. ಯಾರಿಗೂ ಕೇಳದ ದನಿ ಕೇಳಿಸುವುದು, ಯಾರೋ ಪಿತೂರಿ ಮಾಡುತ್ತಿದ್ದಾರೆಂಬ ಬಲವಾದ ನಂಬಿಕೆ, ನಿದ್ದೆಯೇ ಬೇಡವೆನ್ನುವಷ್ಟು ಹುರುಪಿನಲ್ಲಿ ಲಕ್ಷಗಟ್ಟಲೆ ಖರ್ಚು ಮಾಡುವುದು, ಹೆರಿಗೆಯಾದ ಕೆಲವು ದಿನಗಳಲ್ಲಿ ಬಾಣಂತಿಯ ಮಾತು ನಡತೆ ಪೂರ್ತಿ ಬದಲಾಗುವುದು: ಇವಕ್ಕೆ ಮನೋವೈದ್ಯರು ತಕ್ಷಣ ಬೇಕು.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಬರಹ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 112 ಅಥವಾ 108; ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಮನೆಯವರಿಗೆ: ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಮಾತ್ರೆ, ಕೀಟನಾಶಕದಂಥವನ್ನು ಕೈಗೆ ಸಿಗದ ಹಾಗೆ ಬೀಗದೊಳಗಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ಕರೆದೊಯ್ಯುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಯ ಬದಲು ಆರೈಕೆ ಸಿಗಬೇಕು ಎನ್ನುತ್ತದೆ.

ಯಾರ ಹತ್ತಿರ ಹೋಗುವುದು

ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು. ಮಾತ್ರೆ ಬರೆಯುವ ಅಧಿಕಾರ ಇವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಮಾಡುವವರು, ಮಾತ್ರೆ ಬರೆಯುವುದಿಲ್ಲ. ಇವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಬೇಕು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆ, ಮದುವೆ, ಕೆಲಸದ ಜಂಜಾಟಗಳನ್ನು ಕುಟುಂಬವನ್ನೂ ಕೂರಿಸಿಕೊಂಡು ಬಿಡಿಸುವುದರಲ್ಲಿ ನುರಿತವರು. ಈ ಊರಿನಲ್ಲಿ ಇವರನ್ನು ಕಡೆಗಣಿಸುವುದೇ ಹೆಚ್ಚು.

‘ಕೌನ್ಸೆಲರ್’, ‘ಲೈಫ್ ಕೋಚ್’, ‘ಹೀಲರ್’ ಬೋರ್ಡುಗಳನ್ನು ಮಾತ್ರ ಎಚ್ಚರದಿಂದ ನೋಡಿ. ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್‌ಸಿ ಮಾಡಿ, ಹಿರಿಯರ ಕೈಕೆಳಗೆ ತರಬೇತಾದ ಒಳ್ಳೆಯ ಕೌನ್ಸೆಲರ್‌ಗಳು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದವರೂ ಅದೇ ರಸ್ತೆಯಲ್ಲಿ ಬೋರ್ಡು ಹಾಕಿದ್ದಾರೆ. ‘ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯಿತು, ನೋಂದಣಿ ನಂಬರ್ ಇದೆಯಾ’ ಎಂದು ಕೇಳುವುದು ಅವಮಾನವಲ್ಲ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ಮನಸ್ಸು ಬಿಚ್ಚುವುದಾದರೂ ಹೇಗೆ?

ಭಾಷೆಯನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾನು ಅದನ್ನು ಡಿಗ್ರಿಯ ಪಕ್ಕದಲ್ಲೇ ಇಡುತ್ತೇನೆ. ಇಂಗ್ಲಿಷಿನಲ್ಲಿ ಆಫೀಸು ನಡೆಸುವವರಿಗೂ ಅಪ್ಪನ ಮೇಲಿನ ಸಿಟ್ಟು ಬರುವುದು ಮಂಡ್ಯದ, ಹಾಸನದ, ಧಾರವಾಡದ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಎಷ್ಟು ನೀಟಾಗಿ, ಎಷ್ಟು ತಣ್ಣಗೆ ಹೊರಬರುತ್ತದೆಂದರೆ ಎದುರಿಗಿರುವವರಿಗೆ ಅದರ ಬಿಸಿಯೇ ತಾಗುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ಕನ್ನಡದಲ್ಲಿ ಮಾತಾಡುವವರು ಬೇಕು’ ಅನ್ನಿ.

ಬೆಂಗಳೂರಿನಲ್ಲಿ ಎಲ್ಲೆಲ್ಲಿ

ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಬೇರು 1847ರ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು, 1974ರಲ್ಲಿ ಈಗಿನ ಸಂಸ್ಥೆಯಾಯಿತು. ಹೆಸರಿಗೆ ಅಂಟಿದ ಕಳಂಕ ಹೋಗಿಲ್ಲ, ಆದರೆ ಅಲ್ಲಿಗೆ ಬರುವವರಲ್ಲಿ ಫಿಟ್ಸ್, ಪಾರ್ಶ್ವವಾಯು, ತಲೆಗೆ ಪೆಟ್ಟು, ಬೆನ್ನುಹುರಿಯ ಆಪರೇಷನ್ ಅಂತ ಬರುವವರೂ ತುಂಬಾ. ಗೇಟಿನಲ್ಲಿ ಯಾರಾದರೂ ನೆಂಟರು ಕಂಡರೆ ‘ತಲೆನೋವಿಗೆ ಬಂದಿದ್ದೆ’ ಅಂದರೂ ನಡೆಯುತ್ತದೆ. ಅವರೂ ಅಲ್ಲಿಗೆ ಬಂದಿದ್ದಾರಲ್ಲ!

ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಅರ್ಧ ದಿನವಾದರೂ ಹೋಗುತ್ತದೆಂದು ರಜೆ ಹಾಕಿ. ಆಧಾರ್ ಕಾರ್ಡ್, ಇದ್ದರೆ ಬಿಪಿಎಲ್ ಕಾರ್ಡ್, ಹಳೇ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ. ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಅದು ಕಲಿಸುವ ಆಸ್ಪತ್ರೆ. ಮೊದಲು ಕಿರಿಯ ವೈದ್ಯರು ಉದ್ದಕ್ಕೆ ಕೇಳಿ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯರ ಜೊತೆ ಚರ್ಚೆಯಾಗುತ್ತದೆ. ಒಂದೇ ಕತೆ ಎರಡು ಸಲ ಹೇಳಬೇಕಾಗಿ ಬಂದರೆ ರೇಗಬೇಡಿ.

ದೊಡ್ಡ ಆಸ್ಪತ್ರೆಯ ವಾತಾವರಣ ಬೇಡ ಅನ್ನುವವರಿಗೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಆತಂಕ, ಸಂಬಂಧದ ಬಿಕ್ಕಟ್ಟು, ಕೆಲಸದ ಒತ್ತಡದಂಥವಕ್ಕೆ ಅದು ಸರಿಯಾದ ಜಾಗ. ಮೊಬೈಲ್, ಗೇಮಿಂಗ್ ಚಟಕ್ಕೆಂದು ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ಕನ್ನೂ ಶುರು ಮಾಡಿತು. ಮಕ್ಕಳನ್ನು ಬೈದು ಬೈದು ಸಾಕಾದ ತಂದೆತಾಯಿಗಳಿಗೆ ಉಪಯೋಗವಾದೀತು. ಸೇಂಟ್ ಜಾನ್ಸ್, ರಾಮಯ್ಯ, ವಿಕ್ಟೋರಿಯಾದಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಬೇಕಿದ್ದರೆ ಅವರನ್ನು ಬಸ್ಸು ಹತ್ತಿಸುವ ಮೊದಲು ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ದ ಬಗ್ಗೆ ವಿಚಾರಿಸಿ. ಅದು ಮಂಗಳವಾರದಂದು ಮನೋವೈದ್ಯರು ಬಂದು ನೋಡುವ ರಾಜ್ಯ ಸರ್ಕಾರದ ಕಾರ್ಯಕ್ರಮ.

ಖಾಸಗಿಯಲ್ಲಿ ನಲವತ್ತೈದು ನಿಮಿಷದಿಂದ ಒಂದು ಗಂಟೆಯ ಸೆಷನ್ನಿಗೆ ಸಾವಿರದಿಂದ ಎರಡು ಮೂರು ಸಾವಿರದ ತನಕ ಕೇಳುತ್ತಾರೆ. ‘ಸ್ಲೈಡಿಂಗ್ ಸ್ಕೇಲ್ ಇದೆಯಾ’ ಎಂದು ಕೇಳಿ. ಆದಾಯ ನೋಡಿ ಫೀಸು ಇಳಿಸುವವರಿದ್ದಾರೆ. ಕೆಲವು ಕಂಪನಿಗಳು ನೌಕರರಿಗೆ ಒಂದಷ್ಟು ಸೆಷನ್ ಉಚಿತವಾಗಿ ಕೊಡುತ್ತವೆ, ಎಚ್‌ಆರ್‌ನ ಹಳೇ ಮೇಲ್‌ಗಳನ್ನು ಹುಡುಕಿ ನೋಡಿ. ದೈಹಿಕ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವಂಥವು. ವಾರವಾರದ ಸೆಷನ್ನಿಗೆ ಒಪಿಡಿ ಕವರ್, ಅಂದರೆ ದಾಖಲಾಗದೆ ಪಡೆಯುವ ಚಿಕಿತ್ಸೆಗೂ ಹಣ ಕೊಡುವ ವಿಮೆ ಬೇಕು.

ಮನೆಯಲ್ಲಿ ಹೇಳುವುದು

ಹೇಳಲೇಬೇಕೆಂದಿಲ್ಲ. ಹದಿನೆಂಟು ದಾಟಿದ್ದರೆ ನಿಮ್ಮ ಮಾಹಿತಿ ಗೋಪ್ಯವಾಗಿಡುವುದು ಥೆರಪಿಸ್ಟರ ಕರ್ತವ್ಯ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದಾಗ, ಕೋರ್ಟು ಕೇಳಿದಾಗ ಮುಂತಾಗಿ ಕೆಲವೇ ವಿನಾಯಿತಿಗಳಿವೆ. ಆದರೂ ಒಂದೇ ಮನೆಯಲ್ಲಿದ್ದುಕೊಂಡು ಪ್ರತಿ ಶನಿವಾರ ‘ಫ್ರೆಂಡ್ ಮನೆಗೆ’ ಅಂತ ಹೋಗಿಬರುವುದು ಸುಸ್ತಿನ ಕೆಲಸ. ಹೇಳುವುದಾದರೆ ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ, ಮನೆಯವರ ಕಣ್ಣಿಗೆ ಬಿದ್ದಿರುವುದರಿಂದ ಶುರು ಮಾಡಿ.

‘ಅಮ್ಮ, ನಾನು ಒಂದು ತಿಂಗಳಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಂತ ನೀನೇ ಹೇಳ್ತಿದ್ದೆ ಅಲ್ವಾ. ನಿದ್ದೇನೂ ಬರ್ತಿಲ್ಲ. ಒಬ್ಬರು ಮೇಡಂ ಹತ್ರ ಮಾತಾಡೋಕೆ ಹೋಗ್ತಿದ್ದೀನಿ.’

‘ಏನಮ್ಮಾ ಅದು, ನಮ್ಮ ಹತ್ರ ಹೇಳ್ಕೊಳ್ಳೋಕಾಗದ್ದು? ನಾವೇನು ಕಡಿಮೆ ಮಾಡಿದ್ವಿ?’

ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ತಯಾರಿರಲಿ: ‘ನೀವೇನೂ ಕಡಿಮೆ ಮಾಡಿಲ್ಲಮ್ಮ. ನಿನ್ನ ಹತ್ರ ಹೇಳಿದ್ರೆ ನೀನೂ ಅಳ್ತೀಯ, ಆಮೇಲೆ ನಿನ್ನ ಸಮಾಧಾನ ಮಾಡೋದೇ ನನ್ನ ಕೆಲಸ ಆಗುತ್ತೆ.’ ಅಮ್ಮಂದಿರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ದೇವಸ್ಥಾನಕ್ಕೋ ಮಠಕ್ಕೋ ದರ್ಗಾಕ್ಕೋ ಹೋಗಿ ಬರೋಣ ಅಂದರೆ ವಾದಕ್ಕೆ ಇಳಿಯಬೇಡಿ. ಅದೂ ಇರಲಿ, ಇದೂ ಇರಲಿ. ಮಾತ್ರೆ ನಿಲ್ಲಿಸಿ ಹರಕೆ ಹೊರು ಅಂದಾಗ ಮಾತ್ರ ಗಟ್ಟಿಯಾಗಿ ನಿಲ್ಲಿ.

ಮೊದಲ ಭೇಟಿ, ಆಮೇಲಿನ ವಾರಗಳು

ಮೊದಲ ಸೆಷನ್ನಿನಲ್ಲಿ ಪ್ರಶ್ನೆಗಳೇ ಹೆಚ್ಚು. ನಿದ್ದೆ, ಕುಡಿತ, ಮನೆಯ ಹಿನ್ನೆಲೆ, ಹಿಂದೆ ಯಾರಿಗಾದರೂ ಇಂಥ ತೊಂದರೆ ಇತ್ತೇ ಇತ್ಯಾದಿ. ನೋಟ್‌ಬುಕ್ಕಿನ ಒಂದೆರಡು ಪುಟ ತೋರಿಸಿ. ಹೇಳಲು ಆಗದ್ದನ್ನು ಅವತ್ತೇ ಹೇಳಬೇಕಾಗಿಲ್ಲ. ‘ಇನ್ನೂ ಒಂದು ವಿಷಯ ಇದೆ, ಈಗ ಬೇಡ’ ಎಂದರೆ ಸಾಕು. ಹೊರಡುವ ಮೊದಲು ನೀವು ಕೇಳಬೇಕಾದದ್ದು: ನನ್ನ ತೊಂದರೆ ಏನು ಅನ್ನಿಸಿತು? ಯಾವ ಬಗೆಯ ಥೆರಪಿ? ಸುಮಾರು ಎಷ್ಟು ಸೆಷನ್? ಮನೆಯಲ್ಲಿ ನಾನು ಏನು ಮಾಡಬೇಕು?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಥೆರಪಿ ಡ್ರೈವಿಂಗ್ ಕ್ಲಾಸಿನಂತೆ. ಪಕ್ಕದಲ್ಲಿ ಕೂತವರ ಕಾಲಡಿ ಇನ್ನೊಂದು ಬ್ರೇಕ್ ಇರುತ್ತದೆ, ಸ್ಟಿಯರಿಂಗ್ ಮಾತ್ರ ನಿಮ್ಮ ಕೈಯಲ್ಲೇ. ವಾರದಲ್ಲಿ ಒಂದು ಗಂಟೆ ಅಲ್ಲಿ ಕಲಿತದ್ದನ್ನು ಉಳಿದ ದಿನ ಮನೆಯಲ್ಲಿ, ಆಫೀಸಿನಲ್ಲಿ ಮಾಡಿ ನೋಡದಿದ್ದರೆ ಅದು ದುಬಾರಿ ಹರಟೆಯಾಗಿ ಉಳಿಯುತ್ತದೆ. ಆತಂಕ, ಖಿನ್ನತೆಗೆ ಸಿಬಿಟಿ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಸೆಷನ್ನಿನ ಲೆಕ್ಕ. ನಡುವೆ ಒಂದೆರಡು ವಾರ ಮನಸ್ಸು ಇನ್ನಷ್ಟು ಕಲಕಿದಂತಾಗಬಹುದು, ಹಳೇ ಗಾಯ ಮುಟ್ಟಿದಾಗ ಅದು ಸಹಜ. ಆದರೆ ಐದಾರು ಸೆಷನ್ ಆದರೂ ಏನೂ ಕದಲದಿದ್ದರೆ ಅವರಿಗೇ ಹೇಳಿ. ಒಳ್ಳೆಯವರು ದಾರಿ ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹೆಸರು ಕೊಡುತ್ತಾರೆ. ಥೆರಪಿಯ ಫಲ ವಿಧಾನದಷ್ಟೇ, ನಿಮ್ಮಿಬ್ಬರ ನಡುವಿನ ನಂಬಿಕೆಯ ಮೇಲೂ ನಿಂತಿದೆ.

ಎದ್ದು ಬಂದುಬಿಡಬೇಕಾದ ಸಂದರ್ಭಗಳೂ ಇವೆ. ಬೇರೆ ಕ್ಲೈಂಟುಗಳ ಕತೆಯನ್ನು ಗುರುತು ಸಿಗುವ ಹಾಗೆ ಹೇಳುವವರು, ನಿಮ್ಮ ಜಾತಿ, ಧರ್ಮ, ಯಾರನ್ನು ಪ್ರೀತಿಸುತ್ತೀರಿ ಎಂಬುದರ ಬಗ್ಗೆ ತೀರ್ಪು ಕೊಡುವವರು, ‘ಮದುವೆಯಾದರೆ ಸರಿಹೋಗುತ್ತೆ’ ಅನ್ನುವವರು, ಮೈಮುಟ್ಟುವವರು, ಹೊರಗೆ ಕಾಫಿಗೆ ಕರೆಯುವವರು, ಇಪ್ಪತ್ತು ಸೆಷನ್ನಿನ ದುಡ್ಡನ್ನು ಮೊದಲೇ ಕಟ್ಟಿ ಅನ್ನುವವರು.

ಮಾತ್ರೆಯ ವಿಷಯ

‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ’ ಎಂಬ ಭಯ ಎಲ್ಲರಿಗೂ ಇದೆ. ಖಿನ್ನತೆಗೆ ಈಗ ಸಾಮಾನ್ಯವಾಗಿ ಬರೆಯುವ ಔಷಧಗಳು ಅಮಲು ಬರಿಸುವಂಥವಲ್ಲ. ಅವು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವಿನಂಥ ಕಿರಿಕಿರಿ ಮಾತ್ರ ಮೊದಲ ವಾರವೇ ಬರುತ್ತದೆ. ಅದಕ್ಕೇ ಹತ್ತನೇ ದಿನಕ್ಕೆ ‘ಇದು ನನಗೆ ಆಗಿಬರಲ್ಲ’ ಅಂತ ಬಿಡುವವರು ಜಾಸ್ತಿ. ಶುರುವಿನಲ್ಲಿ ಚಡಪಡಿಕೆ ಹೆಚ್ಚಾದರೆ, ಸಾಯುವ ಯೋಚನೆ ಬಂದರೆ ಅವತ್ತೇ ವೈದ್ಯರಿಗೆ ತಿಳಿಸಿ. ಚೆನ್ನಾಗಿದ್ದೇನೆ ಅನ್ನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ನಿದ್ದೆ ಮಾತ್ರೆಗಳ ಕತೆ ಬೇರೆ. ಅವುಗಳಲ್ಲಿ ಕೆಲವು ಅಭ್ಯಾಸವಾಗಿಬಿಡುತ್ತವೆ, ಪಕ್ಕದ ಮನೆಯವರ ಡಬ್ಬಿಯಿಂದ ಈಸಿಕೊಂಡು ನುಂಗಬೇಡಿ.

ಮುಗಿಸುವಾಗ

ಥೆರಪಿ ಒಂದು ದಿನ ಮುಗಿಯಬೇಕು. ಸುಮ್ಮನೆ ಹೋಗುವುದನ್ನು ನಿಲ್ಲಿಸಿಬಿಡಬೇಡಿ. ವಾರಕ್ಕೊಮ್ಮೆ ಇದ್ದದ್ದನ್ನು ಹದಿನೈದು ದಿನಕ್ಕೆ, ತಿಂಗಳಿಗೆ ಇಳಿಸಿ, ಕೊನೆಯ ಸೆಷನ್ನಿನಲ್ಲಿ ಇಬ್ಬರೂ ಕೂತು ಒಂದು ಹಾಳೆ ಬರೆಯಿರಿ. ಅದರಲ್ಲಿ ನಿಮ್ಮ ಮುನ್ಸೂಚನೆಗಳಿರಲಿ: ಸ್ನಾನ ತಪ್ಪುವುದು, ಫೋನ್ ಎತ್ತದಿರುವುದು, ರಾತ್ರಿ ಎರಡರ ತನಕ ರೀಲ್ಸ್, ಹೀಗೆ ನಿಮಗೆ ಮೊದಲು ಕಾಣಿಸುವುದು ಯಾವುದೋ ಅದು. ಅವುಗಳಲ್ಲಿ ಎರಡು ಒಂದು ವಾರ ಸತತವಾಗಿ ಕಂಡರೆ ಮಾಡಬೇಕಾದ ಮೂರು ಕೆಲಸ, ಫೋನ್ ಮಾಡಬೇಕಾದ ಇಬ್ಬರ ಹೆಸರು, ಥೆರಪಿಸ್ಟ್ ನಂಬರ್, 14416. ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಮನೆಯಲ್ಲಿ ನಿಮ್ಮ ಮುಖ ನೋಡಿದರೇ ಗೊತ್ತುಮಾಡಿಕೊಳ್ಳುವವರು ಯಾರೋ ಅವರ ಹತ್ತಿರ. ಅವರು ಹಾಳೆ ತೆಗೆದು ತೋರಿಸಿದ ದಿನ ಜಗಳವಾಡದೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೇನೆ ಎಂದು ಅದರ ಕೆಳಗೆ ಸಹಿ ಹಾಕಿ ಕೊಡಿ.